ಒಬ್ಬಂಟಿ ಆಟಕ್ಕೆ ಕಾವಲುಗಾರನೇಕೆ?

ಕೆಲವು ತಿಂಗಳ ಹಿಂದೆ, ಎಸೆದ ವಸ್ತುಗಳ ಚಲನೆಯನ್ನು ಕುರಿತ ಪಾಠ ಮುಗಿದ ಮೇಲೆ, ಮೊದಲನೆಯ ವರ್ಷದ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮ ಮೇಜಿನ ಬಳಿಗೆ ಬಂದು ನಿಂತನು. ಸೆಕೆಂಡಿಗೆ ೨೦ ಮೀಟರ್ ವೇಗದಲ್ಲಿ, ೪೫ ಡಿಗ್ರಿ ಕೋನದಲ್ಲಿ ಎಸೆದ ಕಲ್ಲು, ಗಾಳಿಯ ತಡೆಯಿಲ್ಲವೆಂದು ಎಣಿಸಿದರೆ, ಭೂಮಿಯ ಮೇಲೆ ಸುಮಾರು ೪೧ ಮೀಟರ್ ದೂರ ಹೋಗುವುದೆಂದೂ, ಚಂದ್ರನ ಮೇಲೆ ಅದೇ ಕಲ್ಲು ಸುಮಾರು ೨೪೭ ಮೀಟರ್ ಹೋಗುವುದೆಂದೂ ನಾವು ಕರಿಹಲಗೆಯ ಮೇಲೆ ಲೆಕ್ಕಮಾಡಿ ತೋರಿಸಿದ್ದೆವು. ಅದನ್ನು ಕಣ್ಣಾರೆ ನೋಡಬೇಕೆಂಬುದು ಅವನ ಆಸೆ. ಚಂದ್ರನಿಗೆ ಹೋಗುವುದು ಅವನಿಗಾಗಲಿ ನಮಗಾಗಲಿ ಸಾಧ್ಯವಿಲ್ಲವಷ್ಟೆ. ಆದರೆ ಅವನ ಗಣಕಯಂತ್ರದಲ್ಲಿ ಒಂದು ಆಟವುಂಟು. ಆ ಆಟದೊಳಗೆ ಒಂದು ಜಗತ್ತುಂಟು. ಆ ಜಗತ್ತಿನ ಗುರುತ್ವದ ಬೆಲೆಯನ್ನು ಬದಲಾಯಿಸುವ ಪುಟ್ಟ ತಿದ್ದುಪಡಿಯೊಂದನ್ನು ಯಾರೋ ರಚಿಸಿ ಉಚಿತವಾಗಿ ಹಂಚಿದ್ದಾರೆ.

“ಸಾರ್, ಅದನ್ನು ಹಾಕಿಕೊಂಡರೆ ಖಾತೆಯೇ ಹೋಗಿಬಿಡುತ್ತದೆ ಎಂದು ಹಾಸ್ಟೆಲಿನಲ್ಲಿ ಎಲ್ಲರೂ ಹೆದರಿಸುತ್ತಾರೆ. ನಾನು ಒಬ್ಬನೇ ಆಡುವುದು. ಆದರೂ ಬ್ಯಾನ್ ಮಾಡುತ್ತಾರೆಯೆ?” ಎಂದು ಅವನು ಕೇಳಿದನು.

“ಯಾವ ಆಟವಪ್ಪ?” ಎಂದೆವು. ಕಥಾಭಾಗವೂ ಆನ್‌ಲೈನ್ ಭಾಗವೂ ಎರಡೂ ಕೂಡಿರುವ ಆಟವೆಂದನು. ವರ್ಷವೆಲ್ಲ ಕೈಖರ್ಚಿನಲ್ಲಿ ಉಳಿಸಿದ ಹಣದಿಂದ ಅದನ್ನು ಕೊಂಡಿದ್ದನಂತೆ. ಆ ದಿನ ಅವನಿಗೆ ಕೂಡಲೇ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಆ ಮೇಲೆ ವಿಷಯವನ್ನು ವಿಚಾರಿಸಿ ತಿಳಿದುಕೊಂಡೆವು. ಇಂಥ ಸಂದೇಹವು ನಮ್ಮ ಅನೇಕ ವಿದ್ಯಾರ್ಥಿಗಳಿಗೆ ಇರಬಹುದಾದುದರಿಂದಲೂ, ಇದರಲ್ಲಿ ಆಟಕ್ಕಿಂತ ದೊಡ್ಡ ಪ್ರಶ್ನೆಯೊಂದು ಅಡಗಿರುವುದರಿಂದಲೂ, ನಮಗೆ ತೋರಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ತಿದ್ದುಪಡಿ ಎಂದರೇನು?

ಒಂದು ಆಟದ ಫೈಲುಗಳನ್ನು ಬದಲಾಯಿಸಿ, ಇಲ್ಲವೆ ಅವುಗಳ ಜೊತೆಗೆ ಹೊಸ ಫೈಲುಗಳನ್ನು ಸೇರಿಸಿ, ಆಟದ ರೂಪವನ್ನೋ ನಿಯಮವನ್ನೋ ಬೇರೆ ಮಾಡುವುದಕ್ಕೆ ‘ಮಾಡ್’ ಎಂದು ಹೆಸರು. ಇಂಗ್ಲಿಷಿನ ‘ಮಾಡಿಫಿಕೇಶನ್’ ಎಂಬ ಪದದ ಮೊಟಕು ರೂಪವಿದು. ಕಿವಿಗೆ ನಮ್ಮ ‘ಮಾಡು’ ಎಂಬ ಧಾತುವಿನಂತೆಯೇ ಕೇಳಿಸುತ್ತದೆ. ಅರ್ಥದಲ್ಲಿಯೂ ಅಷ್ಟೇನೂ ದೂರವಿಲ್ಲ.

ಈ ಅಭ್ಯಾಸ ಗಣಕಯಂತ್ರದಿಂದ ಹುಟ್ಟಿದುದಲ್ಲ. ನಮ್ಮ ಮನೆಗಳಲ್ಲಿ ಚೌಕಾಬಾರದ ಮಣೆಯನ್ನು ಕೆಲವರು ಐದು ಮನೆಗಳದಾಗಿಯೂ ಕೆಲವರು ಏಳು ಮನೆಗಳದಾಗಿಯೂ ಬರೆಯುತ್ತಾರೆ. ನಿಯಮಗಳೂ ಮನೆಯಿಂದ ಮನೆಗೆ ಬೇರೆ. ಇದನ್ನು ಯಾರೂ ಮೋಸವೆಂದು ಕರೆದುದಿಲ್ಲ. ಒಂದು ಮನೆಯ ನಿಯಮವನ್ನು ಇನ್ನೊಂದು ಮನೆಯಲ್ಲಿ, ಎದುರಾಳಿಗೆ ಹೇಳದೆ, ನಡುವೆ ತಂದು ನುಗ್ಗಿಸಿದಾಗ ಮಾತ್ರ ಜಗಳವಾಗುತ್ತದೆ.

೧೯೯೩ರಲ್ಲಿ ಹೊರಬಂದ ‘ಡೂಮ್’ ಎಂಬ ಆಟದಲ್ಲಿ, ಆಟವನ್ನು ನಡೆಸುವ ಯಂತ್ರಭಾಗವನ್ನೂ, ಕೋಣೆ ಚಿತ್ರ ಧ್ವನಿಗಳನ್ನೂ ಬೇರೆ ಬೇರೆ ಫೈಲುಗಳಲ್ಲಿ ಇಟ್ಟಿದ್ದರು. ಆದಕಾರಣ ಆಟಗಾರರು ಯಂತ್ರಭಾಗವನ್ನು ಮುಟ್ಟದೆ ತಮ್ಮದೇ ಕೋಣೆಗಳನ್ನು ಕಟ್ಟುವುದು ಸಾಧ್ಯವಾಯಿತು. ೧೯೯೯ರಲ್ಲಿ ಮಿನ್ಹ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ವಿದ್ಯಾರ್ಥಿಗಳು ‘ಹಾಫ್-ಲೈಫ್’ ಎಂಬ ಆಟವನ್ನು ತಿದ್ದಿ ‘ಕೌಂಟರ್-ಸ್ಟ್ರೈಕ್’ ಎಂಬುದನ್ನು ರಚಿಸಿದರು. ಹಾಫ್-ಲೈಫನ್ನು ರಚಿಸಿದ್ದ ವಾಲ್ವ್ ಕಂಪೆನಿಯವರು ಮರುವರ್ಷವೇ ಅದನ್ನು ತಮ್ಮದಾಗಿಸಿಕೊಂಡರು. ಅದೇ ಕೌಂಟರ್-ಸ್ಟ್ರೈಕ್ ಆಟದಲ್ಲಿ ಮೋಸವು ಹೆಚ್ಚಿದುದರಿಂದ, ೨೦೦೨ರಲ್ಲಿ ಅದೇ ಕಂಪೆನಿಯವರು ‘ವ್ಯಾಕ್’ ಎಂಬ ಮೋಸತಡೆಯ ಕಾರ್ಯಕ್ರಮವನ್ನು ಆರಂಭಿಸಿದರು. ತಿದ್ದುಪಡಿಯಿಂದ ಹುಟ್ಟಿದ ಆಟವನ್ನು ಕಾಯಲು, ತಿದ್ದುಪಡಿಯನ್ನು ಹುಡುಕುವ ಕಾವಲುಗಾರನು ಬಂದನು. ಇವೆರಡರ ಸಂಬಂಧವು ಇಷ್ಟು ಹತ್ತಿರದ್ದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಕಾವಲುಗಾರನು ನೋಡುವುದೇನನ್ನು?

ಹಲವರು ಸೇರಿ ಆಡುವ ಆಟದಲ್ಲಿ ಮೋಸವೆಂದರೆ, ಗೋಡೆಯ ಆಚೆ ಇರುವ ಎದುರಾಳಿ ಕಾಣುವಂತೆ ಮಾಡಿಕೊಳ್ಳುವುದು, ಗುರಿಯನ್ನು ತಾನಾಗಿ ಹಿಡಿಯುವ ಕಾರ್ಯಕ್ರಮವನ್ನು ಬಳಸುವುದು, ಮುಂತಾದುವು. ಇವುಗಳಿಂದ ಪ್ರಾಮಾಣಿಕ ಆಟಗಾರರಿಗೆ ಅನ್ಯಾಯವಾಗುವುದೆಂಬುದು ನಿರ್ವಿವಾದ. ಇಂಥವರನ್ನು ಹಿಡಿಯಲು ಮೋಸತಡೆಯ ಕಾರ್ಯಕ್ರಮಗಳು ಮುಖ್ಯವಾಗಿ ಮೂರು ಕೆಲಸಗಳನ್ನು ಮಾಡುತ್ತವೆ.

ಮೊದಲನೆಯದು, ಫೈಲುಗಳ ಪರೀಕ್ಷೆ. ಒಂದು ಫೈಲಿನಲ್ಲಿರುವ ಅಕ್ಷರಗಳನ್ನೆಲ್ಲ ನಿಯತವಾದ ಗಣಿತಕ್ರಿಯೆಗೆ ಒಳಪಡಿಸಿದರೆ ‘ಹ್ಯಾಶ್’ ಎಂಬ ಒಂದು ಸಂಖ್ಯೆ ದೊರೆಯುತ್ತದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನವೊಂದರಲ್ಲಿ ಈ ಸಂಖ್ಯೆ ೨೫೬ ದ್ವಿಮಾನ ಅಂಕಿಗಳಷ್ಟು ಉದ್ದವಾಗಿರುತ್ತದೆ. ಮೂಲ ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಆ ೨೫೬ ಅಂಕಿಗಳಲ್ಲಿ ಸುಮಾರು ಅರ್ಧದಷ್ಟು ಬದಲಾಗಿಹೋಗುತ್ತವೆ. ಎರಡು ಫೈಲುಗಳು ಒಂದೇ ಎಂಬುದನ್ನು ಅವುಗಳನ್ನು ಪೂರ್ತಿ ಹೋಲಿಸದೆಯೇ ತಿಳಿಯಲು ಇದು ಬಲು ಸುಲಭವಾದ ಉಪಾಯ. ಗಣಕಭಾಷೆಯೊಂದನ್ನು ಅಲ್ಪಸ್ವಲ್ಪ ಬಲ್ಲ ವಿದ್ಯಾರ್ಥಿಯು ಇದನ್ನು ತಾನೇ ಮಾಡಿ ನೋಡಬಹುದು.

ಎರಡನೆಯದು, ಮೆಮೊರಿಯ ಪರೀಕ್ಷೆ. ಆಟವು ನಡೆಯುತ್ತಿರುವಾಗ ಅದರ ಸಂಖ್ಯೆಗಳೂ ಆದೇಶಗಳೂ ಯಂತ್ರದ ಮೆಮೊರಿಯಲ್ಲಿ ಇರುತ್ತವೆ. ಬೇರೊಂದು ಕಾರ್ಯಕ್ರಮವು ಆ ಜಾಗಕ್ಕೆ ಕೈಹಾಕಿದೆಯೆ, ಆಟದೊಳಕ್ಕೆ ತನ್ನ ಆದೇಶಗಳನ್ನು ತುರುಕಿದೆಯೆ, ಈಗಾಗಲೇ ಗೊತ್ತಿರುವ ಮೋಸದ ಉಪಕರಣಗಳ ಗುರುತು ಅಲ್ಲಿ ಕಾಣುವುದೆ, ಎಂದು ಹುಡುಕುತ್ತಾರೆ. ಮೂರನೆಯದು, ನಡವಳಿಕೆಯ ಪರೀಕ್ಷೆ. ಕೇಂದ್ರದಲ್ಲಿರುವ ಸರ್ವರ್ ಯಂತ್ರವು ಆಟಗಾರನಿಂದ ಬರುವ ವರದಿಗಳನ್ನು ನೋಡಿ, ಇಷ್ಟು ಬೇಗ ಇಷ್ಟು ದೂರ ಹೋಗುವುದು ಸಾಧ್ಯವೆ, ಈ ವಸ್ತುವು ಇವನ ಬಳಿ ಇರುವುದು ನ್ಯಾಯವೆ, ಎಂದು ತೂಗಿ ನೋಡುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮೊದಲಿನ ಎರಡು ಪರೀಕ್ಷೆಗಳು ಅಳೆಯುವುದು ಬದಲಾವಣೆಯನ್ನೇ ಹೊರತು ಉದ್ದೇಶವನ್ನಲ್ಲ. ಉಷ್ಣಮಾಪಕವು ದೇಹ ಬಿಸಿಯಾಗಿದೆಯೆಂದು ಹೇಳುತ್ತದೆ. ಅದು ಜ್ವರದಿಂದಲೋ ಬಿಸಿಲಿನಿಂದಲೋ ಎಂಬುದನ್ನು ಹೇಳಲಾರದು. ಹಾಗೆಯೇ ಗುರುತ್ವವನ್ನು ಬದಲಾಯಿಸಿದವನು ಭೌತವಿಜ್ಞಾನದ ವಿದ್ಯಾರ್ಥಿಯೋ, ಎದುರಾಳಿಯನ್ನು ವಂಚಿಸಬಂದವನೋ ಎಂಬುದು ಹ್ಯಾಶ್ ಸಂಖ್ಯೆಯಿಂದ ತಿಳಿಯುವುದಿಲ್ಲ. ಆದುದರಿಂದ ಒಬ್ಬಂಟಿ ಆಟದ ತಿದ್ದುಪಡಿಗೆ ಬಹಿಷ್ಕಾರವುಂಟೆ ಎಂಬ ಪ್ರಶ್ನೆಗೆ ಉತ್ತರವು ತಿದ್ದುಪಡಿಯ ಗುಣದಲ್ಲಿ ಇರುವುದಿಲ್ಲ. ಆ ಹೊತ್ತಿನಲ್ಲಿ ಕಾವಲುಗಾರನು ಎಚ್ಚರವಾಗಿರುವನೆ, ಆಟವು ಹೊರಗಿನ ಸರ್ವರಿಗೆ ಕೂಡಿಕೊಂಡಿರುವುದೆ, ಎಂಬುದರಲ್ಲಿ ಇರುತ್ತದೆ.

ಮೂರು ಬಗೆಯ ಆಟಗಳು

ಈ ದೃಷ್ಟಿಯಿಂದ ಆಟಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಕಾವಲುಗಾರನೇ ಇಲ್ಲದ ಆಟಗಳು ಮೊದಲನೆಯ ಬಗೆ. ೨೦೧೧ರಲ್ಲಿ ಬಂದ ‘ಸ್ಕೈರಿಮ್’, ೨೦೧೬ರಲ್ಲಿ ಬಂದ ‘ಸ್ಟಾರ್ಡ್ಯೂ ವ್ಯಾಲಿ’ ಮೊದಲಾದುವು ಇಂಥವು. ಸ್ಕೈರಿಮನ್ನು ರಚಿಸಿದ ಕಂಪೆನಿಯವರು ೨೦೧೨ರಲ್ಲಿ ತಿದ್ದುಪಡಿಗೆ ಬೇಕಾದ ಉಪಕರಣವನ್ನು ತಾವೇ ಬಿಡುಗಡೆ ಮಾಡಿದರು. ಇಲ್ಲಿ ಬಹಿಷ್ಕಾರದ ಭಯಕ್ಕೆ ಆಧಾರವೇ ಇಲ್ಲ.

ಎರಡನೆಯ ಬಗೆಯಲ್ಲಿ ಕಥಾಭಾಗಕ್ಕೂ ಆನ್‌ಲೈನ್ ಭಾಗಕ್ಕೂ ನಡುವೆ ಗೋಡೆಯುಂಟು. ವಯಸ್ಕರಿಗಾಗಿ ರಚಿತವಾದ ‘ಗ್ರಾಂಡ್ ಥೆಫ್ಟ್ ಆಟೋ ೫’ ಇದಕ್ಕೆ ಒಳ್ಳೆಯ ದೃಷ್ಟಾಂತ. ೨೦೧೫ರ ಏಪ್ರಿಲ್ ತಿಂಗಳಲ್ಲಿ ಅದು ಗಣಕಯಂತ್ರಗಳಿಗೆ ಬಂದೊಡನೆ, ತಿದ್ದುಪಡಿ ಮಾಡಿದವರನ್ನು ಬಹಿಷ್ಕರಿಸುತ್ತಾರೆಂಬ ಗುಲ್ಲು ಎದ್ದಿತು. ಒಬ್ಬಂಟಿ ಭಾಗದ ತಿದ್ದುಪಡಿಗಾಗಿ ಯಾರನ್ನೂ ಬಹಿಷ್ಕರಿಸಿಲ್ಲವೆಂದೂ, ಆನ್‌ಲೈನ್ ಭಾಗದಲ್ಲಿ ಮಾತ್ರ ಅದು ಸಲ್ಲದೆಂದೂ ರಾಕ್‌ಸ್ಟಾರ್ ಕಂಪೆನಿಯವರು ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದರು. ೨೦೧೭ರ ಜೂನ್‌ನಲ್ಲಿ ಅದರ ಒಡೆತನದ ಕಂಪೆನಿಯು ‘ಓಪನ್ ಫೋರ್’ ಎಂಬ ತಿದ್ದುಪಡಿ ಉಪಕರಣದವರಿಗೆ ಕಾನೂನಿನ ನೋಟೀಸು ಕೊಟ್ಟಿತು. ಆಟಗಾರರು ಬಲವಾಗಿ ಪ್ರತಿಭಟಿಸಿದ ಮೇಲೆ, ಲಾಭದ ಉದ್ದೇಶವಿಲ್ಲದ ಒಬ್ಬಂಟಿ ಆಟದ ತಿದ್ದುಪಡಿಗಳ ಮೇಲೆ ಸಾಮಾನ್ಯವಾಗಿ ಕ್ರಮ ಕೈಗೊಳ್ಳುವುದಿಲ್ಲವೆಂದು ಅದೇ ತಿಂಗಳಿನಲ್ಲಿ ತಿಳಿಸಲಾಯಿತು. ೨೦೨೪ರ ಸೆಪ್ಟೆಂಬರಿನಲ್ಲಿ ಆನ್‌ಲೈನ್ ಭಾಗಕ್ಕೆ ‘ಬ್ಯಾಟಲ್‌ಐ’ ಎಂಬ ಮೋಸತಡೆಯನ್ನು ಸೇರಿಸಿದಾಗಲೂ, ಅದನ್ನು ಆರಿಸಿ ಕಥಾಭಾಗವನ್ನು ಆಡುವ ಗುಂಡಿಯನ್ನು ಇಟ್ಟರು. ತಿದ್ದುಪಡಿ ರಚಿಸುವವರ ಎಚ್ಚರಿಕೆಯೂ ಮೆಚ್ಚತಕ್ಕದ್ದೇ. ಈ ಆಟದ ತಿದ್ದುಪಡಿಗಳನ್ನು ನಡೆಸುವ ಒಂದು ಹೆಸರಾಂತ ಉಪಕರಣವು, ಆಟಗಾರನು ಆನ್‌ಲೈನ್ ಭಾಗಕ್ಕೆ ಕಾಲಿಟ್ಟೊಡನೆಯೇ ಆಟವನ್ನು ಮುಚ್ಚಿಬಿಡುತ್ತದೆ.

ಮೂರನೆಯ ಬಗೆಯೇ ತೊಡಕಿನದು. ಇಲ್ಲಿ ಒಬ್ಬಂಟಿ ಆಟವೂ ಹಲವರ ಆಟವೂ ಹಾಲುನೀರಿನಂತೆ ಬೆರೆತಿರುತ್ತವೆ. ೨೦೨೨ರಲ್ಲಿ ಬಂದ ‘ಎಲ್ಡನ್ ರಿಂಗ್’ ಎಂಬುದರಲ್ಲಿ ನಾವು ಒಬ್ಬರೇ ಅಲೆಯುತ್ತಿದ್ದರೂ, ಇತರರು ನೆಲದ ಮೇಲೆ ಬರೆದಿಟ್ಟ ಸಂದೇಶಗಳು ಕಾಣುತ್ತವೆ, ಇತರರು ಸತ್ತ ಗುರುತುಗಳು ಕಾಣುತ್ತವೆ, ಜೊತೆಗಾರರನ್ನು ಕರೆಸಿಕೊಂಡಾಗ ಪರರು ನಮ್ಮ ಜಗತ್ತಿಗೆ ನುಗ್ಗಿ ಕಾಳಗಕ್ಕೆ ನಿಲ್ಲುವುದೂ ಉಂಟು. ಹೀಗಿರಲು, ನಾವು ಒಬ್ಬರೇ ಇದ್ದಾಗ ಅನ್ಯಾಯವಾಗಿ ಪಡೆದ ಖಡ್ಗವು ನಾಳೆ ಇನ್ನೊಬ್ಬನ ಮೇಲೆ ಬೀಸಬಹುದಾದ ಖಡ್ಗವೂ ಆಗುತ್ತದೆ. ಉಳಿಸಿಟ್ಟ ಫೈಲು ಎರಡಕ್ಕೂ ಒಂದೇ ಆಗಿರುವುದೇ ಇದಕ್ಕೆ ಕಾರಣ. ಮೋಸತಡೆಯಿಲ್ಲದೆ ಈ ಆಟವನ್ನು ತೆರೆದರೆ ಅದು ಆನ್‌ಲೈನ್ ಸಂಪರ್ಕವಿಲ್ಲದೆ ನಡೆಯುತ್ತದೆ; ಹೊರಗಿನವರೊಡನೆ ಸೇರಲು ಬಿಡುವುದಿಲ್ಲ. ಆ ಸ್ಥಿತಿಯಲ್ಲಿ ತಿದ್ದುಪಡಿಗಳನ್ನು ಬಳಸುವುದು ರೂಢಿ. ಆದರೆ ತಿದ್ದುಪಡಿಯಿಂದ ಗಳಿಸಿದ ವಸ್ತುಗಳಿರುವ ಫೈಲನ್ನು ಹಿಡಿದುಕೊಂಡೇ ಮರಳಿ ಆನ್‌ಲೈನಿಗೆ ಹೋದವನು ದಂಡಕ್ಕೆ ಗುರಿಯಾಗಬಹುದು. ಇದನ್ನರಿತೇ, ಗೆಳೆಯರು ಸೇರಿ ಆಡಲು ಅನುಕೂಲ ಮಾಡುವ ಪ್ರಸಿದ್ಧವಾದ ತಿದ್ದುಪಡಿಯೊಂದು ತನ್ನ ಫೈಲಿನ ಹೆಸರಿನ ಕೊನೆಯನ್ನೇ ಬದಲಿಸಿ, ಅದನ್ನು ಮೂಲದಿಂದ ಬೇರೆಯಾಗಿ ಇಡುತ್ತದೆ.

ಇವುಗಳಲ್ಲದೆ, ಒಬ್ಬಂಟಿ ಭಾಗದಲ್ಲಿಯೇ ದಂಡನೆಗೆ ಒಳಗಾದವರೂ ಉಂಟು. ೨೦೧೦ರಲ್ಲಿ ‘ಸ್ಟಾರ್‌ಕ್ರಾಫ್ಟ್ ೨’ ಆಟದ ಒಬ್ಬಂಟಿ ಭಾಗದಲ್ಲಿ ಹೊರಗಿನ ಉಪಕರಣಗಳನ್ನು ಬಳಸಿದ ಕೆಲವರ ಖಾತೆಗಳನ್ನು ಕಂಪೆನಿಯವರು ಅಮಾನತಿನಲ್ಲಿಟ್ಟರು. ಒಬ್ಬರೇ ಆಡಿ ಗಳಿಸಿದ ‘ಅಚೀವ್‌ಮೆಂಟ್’ಗಳು, ಅಂದರೆ ಸಾಧನೆಯ ಪದಕಗಳು, ಇತರರಿಗೂ ಕಾಣುವುದರಿಂದ ಅವುಗಳ ಬೆಲೆ ಕೆಡುತ್ತದೆ ಎಂಬುದು ಅವರ ವಾದವಾಗಿತ್ತು. ಆದುದರಿಂದ “ಒಬ್ಬನೇ ಆಡುವುದು, ಏನೂ ಆಗದು” ಎಂಬ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ.

ತಪ್ಪು ಮಾಡದವರಿಗೂ ದಂಡ

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಒಂದು ಆಟವನ್ನು ಹತ್ತು ಲಕ್ಷ ಜನ ಆಡುತ್ತಾರೆಂದು ಊಹಿಸಿಕೊಳ್ಳಿ. ಅವರಲ್ಲಿ ನೂರಕ್ಕೆ ಒಬ್ಬರು, ಎಂದರೆ ೧೦,೦೦೦ ಮಂದಿ, ಮೋಸಗಾರರಾಗಿರಲಿ. ಕಾವಲುಗಾರನು ಬಹು ಚತುರನೆಂದು ಇಟ್ಟುಕೊಳ್ಳೋಣ. ಮೋಸಗಾರರಲ್ಲಿ ನೂರಕ್ಕೆ ೯೯ ಮಂದಿಯನ್ನು ಹಿಡಿಯುತ್ತಾನೆ, ಪ್ರಾಮಾಣಿಕರಲ್ಲಿ ಸಾವಿರಕ್ಕೆ ಒಬ್ಬನನ್ನು ಮಾತ್ರ ತಪ್ಪಾಗಿ ಹಿಡಿಯುತ್ತಾನೆ. ಆಗ ಸಿಕ್ಕಿಬಿದ್ದ ಮೋಸಗಾರರು ೯,೯೦೦. ಪ್ರಾಮಾಣಿಕರು ೯,೯೦,೦೦೦ ಇರುವುದರಿಂದ ತಪ್ಪಾಗಿ ಸಿಕ್ಕಿದವರು ೯೯೦. ಎಂದರೆ, ದಂಡ ಹೊಂದಿದ ಹನ್ನೊಂದು ಮಂದಿಯಲ್ಲಿ ಒಬ್ಬನು ನಿರಪರಾಧಿ! ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ, ಪರೀಕ್ಷೆಗೊಳಗಾಗುವ ನಿರಪರಾಧಿಗಳ ಸಂಖ್ಯೆ ದೊಡ್ಡದಾದಷ್ಟೂ ತಪ್ಪುಗಳ ಸಂಖ್ಯೆಯೂ ದೊಡ್ಡದಾಗುತ್ತದೆ. ರೋಗಪರೀಕ್ಷೆಗೂ ಇದೇ ಗಣಿತವು ಅನ್ವಯಿಸುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ೨೦೧೦ರ ಜುಲೈ ತಿಂಗಳಲ್ಲಿ ‘ಮಾಡರ್ನ್ ವಾರ್‌ಫೇರ್ ೨’ ಆಟದ ಸುಮಾರು ೧೨,೦೦೦ ಮಂದಿಯನ್ನು ವ್ಯಾಕ್ ತಪ್ಪಾಗಿ ಬಹಿಷ್ಕರಿಸಿತು. ವಾಲ್ವ್ ಕಂಪೆನಿಯು ತಪ್ಪನ್ನು ಒಪ್ಪಿ ಬಹಿಷ್ಕಾರಗಳನ್ನು ರದ್ದುಮಾಡಿ, ಪರಿಹಾರವಾಗಿ ಬೇರೊಂದು ಆಟವನ್ನು ಉಚಿತವಾಗಿ ಕೊಟ್ಟಿತು. ೨೦೨೩ರ ಅಕ್ಟೋಬರಿನಲ್ಲಿ ನಡೆದುದು ಇನ್ನೂ ವಿಚಿತ್ರ. ಎಎಂಡಿ ಕಂಪೆನಿಯು ತನ್ನ ಚಿತ್ರಫಲಕಗಳಿಗಾಗಿ ಹೊರತಂದ ಹೊಸ ಸೌಲಭ್ಯವೊಂದು, ಆಟವನ್ನು ಚುರುಕುಗೊಳಿಸುವುದಕ್ಕಾಗಿ ‘ಕೌಂಟರ್-ಸ್ಟ್ರೈಕ್ ೨’ರ ಆದೇಶಗಳ ನಡುವೆ ತಾನೇ ಕೈಹಾಕುತ್ತಿತ್ತು. ಅದನ್ನು ಬಳಸಿದ ಆಟಗಾರರು ಬಹಿಷ್ಕಾರಕ್ಕೊಳಗಾದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಎಎಂಡಿಯವರು ಆ ಸೌಲಭ್ಯವನ್ನು ಹಿಂದಕ್ಕೆ ತೆಗೆದುಕೊಂಡರು. ಹೀಗೆ ಸಿಕ್ಕಿಬಿದ್ದವರ ಬಹಿಷ್ಕಾರವನ್ನು ಹಿಂದೆಗೆಯುವ ಕೆಲಸವನ್ನು ವಾಲ್ವ್ ಕೈಗೊಂಡಿತು.

ಈ ಎರಡು ಪ್ರಸಂಗಗಳಲ್ಲಿಯೂ ಸಾವಿರಾರು ಜನ ಒಟ್ಟಿಗೆ ಕೂಗಿದುದರಿಂದ ತಪ್ಪು ಬೇಗ ಬೆಳಕಿಗೆ ಬಂದಿತು. ಹಾಸ್ಟೆಲಿನ ಮೂಲೆಯಲ್ಲಿ ಒಬ್ಬನೇ ಕುಳಿತು ವಿಚಿತ್ರವಾದ ತಿದ್ದುಪಡಿಯೊಂದನ್ನು ಪ್ರಯೋಗಿಸಿದ ಹುಡುಗನಿಗೆ ಅಂಥ ಜೊತೆಗಾರರಿರುವುದಿಲ್ಲ. ವ್ಯಾಕ್‌ನಂಥ ಬಹಿಷ್ಕಾರಗಳು ಶಾಶ್ವತವಾದುವು. ಮೋಸದ ಉಪಕರಣ ರಚಿಸುವವರಿಗೆ ಸುಳಿವು ಸಿಗದಿರಲೆಂದು ಅವನ್ನು ಬೇಕೆಂದೇ ತಡವಾಗಿ ವಿಧಿಸುವುದೂ ಉಂಟು. ಆದಕಾರಣ ಯಾವ ದಿನದ ಯಾವ ಕಾರ್ಯಕ್ಕಾಗಿ ದಂಡವಾಯಿತೆಂಬುದೇ ಎಷ್ಟೋ ಸಲ ಆಟಗಾರನಿಗೆ ತಿಳಿಯುವುದಿಲ್ಲ.

ಮನೆಯೊಳಕ್ಕೆ ಬಂದ ಕಾವಲು

ಇನ್ನೊಂದು ವಿಚಾರವಿದೆ. ಗಣಕಯಂತ್ರದ ಸಂಸ್ಕಾರಕದಲ್ಲಿ ಕಾರ್ಯಕ್ರಮಗಳಿಗೆ ಬೇರೆ ಬೇರೆ ಅಧಿಕಾರದ ವಲಯಗಳಿರುತ್ತವೆ. ಸಾಮಾನ್ಯ ಕಾರ್ಯಕ್ರಮಗಳು ಹೊರವಲಯದಲ್ಲಿ ಕೆಲಸಮಾಡುತ್ತವೆ. ಯಂತ್ರದ ಸರ್ವಭಾಗಗಳನ್ನೂ ಮುಟ್ಟಬಲ್ಲ ಒಳವಲಯಕ್ಕೆ ಕರ್ನೆಲ್ ಎಂದು ಹೆಸರು. ಮೋಸಗಾರರು ಒಳವಲಯಕ್ಕೆ ಹೋದುದರಿಂದ ಕಾವಲುಗಾರರೂ ಅವರ ಬೆನ್ನಟ್ಟಿ ಅಲ್ಲಿಗೆ ಹೋಗಿದ್ದಾರೆ. ಅಲ್ಲಿ ಆಗುವ ಒಂದು ತಪ್ಪು ಆ ಕಾರ್ಯಕ್ರಮವನ್ನಷ್ಟೇ ಅಲ್ಲ, ಇಡೀ ಯಂತ್ರವನ್ನೇ ನಿಲ್ಲಿಸಬಲ್ಲದು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿಯ ದೋಷಯುಕ್ತ ಫೈಲಿನಿಂದ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟುನಿಂತು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಕೈಯಿಂದ ಬರೆದ ಚೀಟಿಗಳನ್ನು ಪ್ರಯಾಣಿಕರಿಗೆ ಕೊಡಬೇಕಾಗಿ ಬಂದುದು ಅನೇಕರಿಗೆ ನೆನಪಿರಬಹುದು. ಅದು ಆಟದ ಕಾವಲಲ್ಲ. ಆದರೆ ಅದು ನಿಂತಿದ್ದ ಜಾಗವು ಇದೇ ಒಳವಲಯ. ೨೦೨೨ರಲ್ಲಿ ‘ಗೆನ್ಶಿನ್ ಇಂಪ್ಯಾಕ್ಟ್’ ಎಂಬ ಆಟದ ಮೋಸತಡೆಯ ಭಾಗವನ್ನೇ ದುಷ್ಕರ್ಮಿಗಳು ಆಯುಧವಾಗಿ ಬಳಸಿ, ಯಂತ್ರದ ವೈರಸ್ ರಕ್ಷಣೆಯನ್ನು ಆರಿಸಿ, ಒತ್ತೆಹಣ ಕೇಳುವ ಕಾರ್ಯಕ್ರಮವನ್ನು ನುಗ್ಗಿಸಲು ಯತ್ನಿಸಿದುದನ್ನು ಭದ್ರತಾ ತಜ್ಞರು ವರದಿಮಾಡಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೆ?

ಹಲವರ ಆಟಕ್ಕಾಗಿ ಇಂಥ ಅಪಾಯವನ್ನು ತಿಳಿದೂ ಒಪ್ಪಿಕೊಳ್ಳುವವರು ಒಪ್ಪಿಕೊಳ್ಳಲಿ. ಒಬ್ಬನೇ ಆಡುವವನ ಯಂತ್ರದೊಳಗೆ ಅದಕ್ಕೇನು ಕೆಲಸ? ೨೦೨೦ರ ಮೇ ತಿಂಗಳಲ್ಲಿ ‘ಡೂಮ್ ಎಟರ್ನಲ್’ ಆಟಕ್ಕೆ ಕರ್ನೆಲ್ ವಲಯದ ಮೋಸತಡೆಯನ್ನು ಸೇರಿಸಿದಾಗ, ಕಥಾಭಾಗವನ್ನು ಮಾತ್ರ ಆಡಲು ಕೊಂಡವರು ಇದೇ ಪ್ರಶ್ನೆಯನ್ನು ಕೇಳಿದರು. ಒಂದು ವಾರದೊಳಗಾಗಿ ಕಂಪೆನಿಯವರು ಅದನ್ನು ತೆಗೆದುಹಾಕುವುದಾಗಿ ಪ್ರಕಟಿಸಿದರು. ಮೊದಲ ಡೂಮ್ ಆಟವು ತಿದ್ದುವವರಿಗೆ ಬಾಗಿಲು ತೆರೆದುದನ್ನು ಮೇಲೆ ಹೇಳಿದ್ದೇವೆ. ಅದೇ ವಂಶದ ಆಟದಲ್ಲಿ ಇದು ನಡೆದುದು ಗಮನಾರ್ಹ.

ಎದುರು ಪಕ್ಷದ ಮಾತು

ಕಂಪೆನಿಗಳ ಪಕ್ಷದಲ್ಲಿ ಹೇಳತಕ್ಕ ಮಾತು ಇಲ್ಲದಿಲ್ಲ. ಆಟವನ್ನು ಕೊಂಡವನು ಅದರ ಒಡೆಯನಾಗುವುದಿಲ್ಲ. ಕೆಲವು ನಿಬಂಧನೆಗಳ ಮೇಲೆ ಬಳಸುವ ಪರವಾನಗಿಯನ್ನು ಮಾತ್ರ ಪಡೆಯುತ್ತಾನೆ. ನಿಬಂಧನೆಗೆ ಒಪ್ಪಿ ಗುಂಡಿ ಒತ್ತಿದವನು ಆ ಮೇಲೆ ಗೊಣಗಿದರೆ ಫಲವೇನು ಎಂದು ಕೇಳಬಹುದು. ಒಬ್ಬಂಟಿ ಭಾಗದಲ್ಲಿ ತಿದ್ದುಪಡಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರೆ, ಮೋಸದ ಉಪಕರಣಗಳನ್ನು ರಚಿಸುವವರು ಅದನ್ನೇ ತಮ್ಮ ಪ್ರಯೋಗಶಾಲೆ ಮಾಡಿಕೊಂಡು, ಅಲ್ಲಿ ಪಳಗಿ ಆನ್‌ಲೈನಿಗೆ ಬರುತ್ತಾರೆಂಬ ಭಯವೂ ಸುಳ್ಳಲ್ಲ.

ಈ ಕೊನೆಯ ಆಕ್ಷೇಪಣೆಗೆ ತೂಕವಿದೆಯೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಲಿತುದನ್ನು ಯಾರೋ ಒಬ್ಬನು ಕೆಟ್ಟ ಕೆಲಸಕ್ಕೆ ಬಳಸಬಹುದೆಂದು ಪ್ರಯೋಗಶಾಲೆಗೆ ಬೀಗ ಹಾಕುವುದಿಲ್ಲ. ಬೀಗ ಹಾಕಬೇಕಾದುದು ವಿಷದ ಕಪಾಟಿಗೆ. ಇಲ್ಲಿ ಆ ಕಪಾಟು ಯಾವುದೆಂದರೆ ಆನ್‌ಲೈನ್ ಭಾಗದ ಬಾಗಿಲು. ಊರ ಕೆರೆಗೆ ಕಾವಲಿಡುವುದು ಊರವರ ಹಕ್ಕು. ನಮ್ಮ ಹಿತ್ತಲಿನ ಬಾವಿಯ ನೀರನ್ನು ನಾವು ಬೆಲ್ಲ ಹಾಕಿ ಕುಡಿದರೆ ಊರವರಿಗೆ ನಷ್ಟವೇನು?

ಅಲ್ಲದೆ, ಪರವಾನಗಿಯ ನಿಬಂಧನೆಗಳು ಏನು ಹೇಳಿದರೂ, ಅವು ನ್ಯಾಯವೆ ಎಂದು ವಿಚಾರಿಸುವ ಹಕ್ಕು ಕೊಂಡವನಿಗೆ ಇದ್ದೇ ಇದೆ. ೨೦೧೭ರಲ್ಲಿಯೂ ೨೦೨೦ರಲ್ಲಿಯೂ ಕಂಪೆನಿಗಳು ಹಿಂಜರಿದುದು ಕೊಂಡವರು ವಿಚಾರಿಸಿದುದರಿಂದಲೇ.

ಏನು ಮಾಡತಕ್ಕದ್ದು?

ನಮ್ಮ ಅಭಿಪ್ರಾಯದಲ್ಲಿ ಕಂಪೆನಿಗಳು ಮಾಡಬೇಕಾದುದು ಹೆಚ್ಚೇನೂ ಇಲ್ಲ. ಒಬ್ಬಂಟಿ ಆಟಕ್ಕೂ ಹಲವರ ಆಟಕ್ಕೂ ನಡುವಣ ಗೆರೆಯನ್ನು ಎದ್ದುಕಾಣುವಂತೆ ಎಳೆಯಬೇಕು. ಎರಡಕ್ಕೂ ಬೇರೆ ಬೇರೆ ಫೈಲುಗಳನ್ನು ಇಡಬೇಕು. ಗೆರೆಯ ಈಚೆ ಕಾವಲುಗಾರನನ್ನು ಆರಿಸುವ ಗುಂಡಿಯನ್ನು ಕೊಡಬೇಕು. ಇದು ಸಾಧ್ಯವೆಂಬುದಕ್ಕೆ ಮೇಲೆ ಹೇಳಿದ ದೃಷ್ಟಾಂತಗಳೇ ಸಾಕ್ಷಿ. ವಾಲ್ವ್ ಕಂಪೆನಿಯ ಆಟಗಳಲ್ಲಿಯೂ ಆಟವನ್ನು ‘ಇನ್‌ಸೆಕ್ಯೂರ್’ ಎಂಬ ಆದೇಶದೊಡನೆ ತೆರೆದರೆ ವ್ಯಾಕ್ ಸುಮ್ಮನಿರುತ್ತದೆ, ಕಾವಲಿರುವ ಸರ್ವರುಗಳಿಗೆ ಪ್ರವೇಶವೂ ಇರುವುದಿಲ್ಲ. ಇಂಥ ಸರಳವಾದ ವ್ಯವಸ್ಥೆ ಎಲ್ಲ ಕಡೆಯೂ ಏಕಿರಬಾರದು? ಪದಕಗಳ ಬೆಲೆ ಕೆಡುವುದೆಂದರೆ, ತಿದ್ದುಪಡಿಯಾದ ಆಟದಲ್ಲಿ ಪದಕಗಳನ್ನು ಕೊಡದಿದ್ದರಾಯಿತು. ಖಾತೆಯನ್ನೇ ಕಸಿದುಕೊಳ್ಳುವ ಅಗತ್ಯವಿಲ್ಲ. ೨೦೧೬ರಲ್ಲಿ ಬಂದ ಸ್ಕೈರಿಮಿನ ಹೊಸ ಆವೃತ್ತಿಯಲ್ಲಿ ಹೀಗೆಯೇ ಮಾಡಿದರು.

ವಿದ್ಯಾರ್ಥಿಗಳು ಮಾಡಬೇಕಾದುದೂ ಕೆಲವುಂಟು. ತಿದ್ದುವುದಕ್ಕೆ ಮೊದಲು ಆ ಆಟಕ್ಕೆ ಮೋಸತಡೆ ಇದೆಯೆ ಎಂದೂ, ಕಂಪೆನಿಯವರು ತಿದ್ದುಪಡಿಯ ವಿಷಯದಲ್ಲಿ ಏನು ಹೇಳಿದ್ದಾರೆಂದೂ ಓದಿಕೊಳ್ಳಬೇಕು. ಆಟದ ಫೈಲುಗಳ ಪ್ರತಿಯೊಂದನ್ನು ಬೇರೆಯಾಗಿ ಇಟ್ಟುಕೊಂಡು, ಪ್ರತಿಯ ಮೇಲೆ ಮಾತ್ರ ಪ್ರಯೋಗ ನಡೆಸಬೇಕು. ಮೋಸತಡೆಯನ್ನು ಆರಿಸುವ ಅಧಿಕೃತ ದಾರಿಯಿದ್ದರೆ ಅದನ್ನು ಬಳಸಿ, ಆ ಮೇಲೆ ಅಂತರ್ಜಾಲದ ಸಂಪರ್ಕವನ್ನು ಕಡಿದು ಆಡಬೇಕು. ತಿದ್ದಿದ ಆಟದಲ್ಲಿ ಉಳಿಸಿದ ಫೈಲನ್ನು ಎಂದಿಗೂ ಆನ್‌ಲೈನಿಗೆ ಒಯ್ಯಬಾರದು. ಮತ್ತೆ ಇತರರೊಡನೆ ಆಡುವ ಮೊದಲು ಮೂಲ ಫೈಲುಗಳನ್ನು ಸ್ವಸ್ಥಾನಕ್ಕೆ ತರಬೇಕು. ಎರಡೂ ಭಾಗಗಳು ಬೆರೆತಿರುವ ಆಟದಲ್ಲಿ, ಸಂದೇಹವಿದ್ದರೆ, ತಿದ್ದದಿರುವುದೇ ಲೇಸು.

ಬಹಿಷ್ಕಾರಕ್ಕಿಂತ ಹೆಚ್ಚಿನ ಅಪಾಯವೊಂದನ್ನು ಹೇಳದಿದ್ದರೆ ತಪ್ಪಾದೀತು. ೨೦೨೩ರ ಜೂನ್‌ನಲ್ಲಿ ‘ಮೈನ್‌ಕ್ರಾಫ್ಟ್’ ಆಟದ ಕೆಲವು ತಿದ್ದುಪಡಿಗಳೊಳಗೆ, ಗುಪ್ತಪದಗಳನ್ನು ಕದಿಯುವ ದುಷ್ಟ ಕಾರ್ಯಕ್ರಮವನ್ನು ಸೇರಿಸಿದ್ದುದು ಪತ್ತೆಯಾಯಿತು. ಹೆಸರಾಂತ ಭಂಡಾರಗಳಿಂದ ಪಡೆದವರಿಗೂ ಅದು ತಗಲಿತು. 'ಎಲ್ಲರೂ ಹಾಕಿಕೊಳ್ಳುತ್ತಾರೆ’ ಎಂಬುದು ಪರೀಕ್ಷೆಯಲ್ಲ. ಇನ್ನು, ಹಲವರ ಆಟದಲ್ಲಿ ಮೋಸದ ಉಪಕರಣವನ್ನು ಬಳಸಿ ಸಿಕ್ಕಿಬಿದ್ದವನಿಗಾಗಿ ನಾವು ಒಂದು ಮಾತನ್ನೂ ಆಡಲಾರೆವು.

ನಮ್ಮ ವಿದ್ಯಾರ್ಥಿಗೆ ಇಷ್ಟನ್ನೂ ಹೇಳಿದೆವು. ಅವನು ಹೇಳಿದಂತೆಯೇ ನಡೆದುಕೊಂಡು, ಪ್ರತಿಯ ಮೇಲೆ, ಸಂಪರ್ಕ ಕಡಿದು, ಗುರುತ್ವವನ್ನು ಚಂದ್ರನಷ್ಟಕ್ಕೆ ಇಳಿಸಿದನು. ಖಾತೆಗೆ ಇದುವರೆಗೆ ಏನೂ ಆಗಿಲ್ಲ. ಒಂದು ಪ್ರಯೋಗದಿಂದ ನಿಯಮವನ್ನು ಹೇಳಬಾರದಾದುದರಿಂದ, ಅದನ್ನು ಯಾರೂ ಭರವಸೆಯೆಂದು ತಿಳಿಯಬಾರದು.

ಒಂದು ವಾರದ ಮೇಲೆ ಅವನು ಮತ್ತೆ ಬಂದನು. ಎತ್ತರದ ಕಟ್ಟಡದಿಂದ ಕಲ್ಲನ್ನು ಬೀಳಿಸಿ, ಕಾಲವನ್ನು ಅಳೆದಿದ್ದನು. ಚಂದ್ರನ ಗುರುತ್ವದಲ್ಲಿ ಬೀಳುವ ಕಾಲವು ಭೂಮಿಯದಕ್ಕಿಂತ ಸುಮಾರು ೨.೪೬ ಪಟ್ಟು ಆಗಬೇಕು. ಅವನಿಗೆ ದೊರೆತುದು ಎರಡು ಪಟ್ಟಿಗೆ ಸಮೀಪ. ಅಳತೆ ತಪ್ಪಿರಬಹುದೆಂದು ಇನ್ನೂ ಹತ್ತು ಸಲ ಬೀಳಿಸಿದನಂತೆ. ಕಡೆಗೆ ಅವನೇ ಕಾರಣವನ್ನು ಊಹಿಸಿದ್ದನು: ಆಟವನ್ನು ರಚಿಸಿದವರು ಬೀಳುವ ವಸ್ತುಗಳ ವೇಗಕ್ಕೆ ಒಂದು ಮಿತಿಯನ್ನು ಇಟ್ಟಿರಬೇಕು, ಭೂಮಿಯ ಗುರುತ್ವದಲ್ಲಿ ಕಲ್ಲು ಆ ಮಿತಿಯನ್ನು ಮುಟ್ಟಿ ನಿಧಾನಿಸುತ್ತದೆ, ಚಂದ್ರನದರಲ್ಲಿ ಮುಟ್ಟುವುದಿಲ್ಲ. ಕಟ್ಟಡದ ಎತ್ತರವನ್ನು ಕಡಿಮೆ ಮಾಡಿ ನೋಡಿದರೆ ಊಹೆ ನಿಜವೋ ಸುಳ್ಳೋ ತಿಳಿಯುವುದಲ್ಲವೆ ಎಂದು ಅವನು ಕೇಳಿದನು. ತಿಳಿಯುವುದೆಂದು ನಾವು ಹೇಳಿದೆವು.